ಅಟ್ಟದ ಟ್ರಂಕಲ್ಲಿ ಹಳೇ ಸಿನಿಮಾ ಹಾಡಿನ ಪುಸ್ತಕ, ಪ್ಲೇಟು ಸಿಕ್ಕಿವೆ, ಇವುಗಳ ಬಗ್ಗೆ ತಿಳಿಯೋಕೆ ಯಾವ ಪುಸ್ತಕ ಓದ್ಬೇಕು?

ಹೊಸಕೋಟೆ_ತೋಟ:

ಎಲ್ಲರಿಗೂ ನಮಸ್ಕಾರ. ನಮ್ದು ಸುಂಟಿಕೊಪ್ಪ ಹತ್ರ ಏಳನೇ ಹೊಸಕೋಟೆ ಕಡೆ. ಮಳೆ ಶುರುವಾಗೋದ್ರೊಳಗೆ ಹಳೇ ಮನೆ ಹೆಂಚು ಸರಿ ಮಾಡ್ಸೋಣ ಅಂತ ಅಟ್ಟ ಖಾಲಿ ಮಾಡ್ತಿದ್ವಿ, ಒಲೆ ನೇರಕ್ಕೆ ಮೇಲೆ ಒಂದು ತಗಡಿನ ಟ್ರಂಕ್ ಇತ್ತು, ಹೊಗೆ ಹಿಡಿದು ಹಿಡಿದು ಕರ್ರಗಾಗಿತ್ತು. ಹಳೇ ತೋಟದ ಲೆಕ್ಕದ ಪುಸ್ತಕ ಇರ್ಬೇಕು ಅಂತ ತೆಗೆದ್ರೆ ಮೇಲೆ ಎರಡು ಚೆಕ್‌ರೋಲ್ (ಕೂಲಿಯೋರ ಹಾಜರಿ) ಪುಸ್ತಕ, ಅದ್ರ ಕೆಳಗೆ ಪೂರ್ತಿ ಸಿನಿಮಾ ಹಾಡಿನ ಪುಸ್ತಕಗಳು! ಎಣಿಸಿದೆ, 61 ಇವೆ. ಅದ್ರ ಕೆಳಗೆ ಹಳೇ ಸೀರೆ ತುಂಡಲ್ಲಿ ಸುತ್ತಿದ ಗ್ರಾಮಫೋನ್ ಪ್ಲೇಟು 19, ಎರಡು ಒಡೆದಿವೆ. ತಳದಲ್ಲಿ ಒಂದಷ್ಟು ಚಂದಮಾಮ, ಸುಧಾ.

ಹಾಡಿನ ಪುಸ್ತಕ ಅಂದ್ರೆ ಗೊತ್ತಿಲ್ಲದೋರಿಗೆ ಹೇಳ್ತೀನಿ, ಅಂಗೈಗಿಂತ ಸ್ವಲ್ಪ ದೊಡ್ಡದು, ತೆಳ್ಳನೆ ಕಾಗದ, ಮುಂದೆ ನಟ ನಟಿಯರ ಚಿತ್ರ, ಒಳಗಡೆ ತಾರಾಗಣ, ಅರ್ಧ ಕಥೆ ಹೇಳಿ ಉಳಿದಿದ್ದು ಬೆಳ್ಳಿತೆರೆ ಮೇಲೆ ನೋಡಿ ಅಂತ ನಿಲ್ಸಿರ್ತಾರೆ, ಆಮೇಲೆ ಹಾಡುಗಳು. ಟಾಕೀಸ್ ಬಾಗಿಲಲ್ಲೇ ಮಾರ್ತಿದ್ರಂತೆ.

ಅಜ್ಜ ಅಜ್ಜಿ ಇಬ್ರೂ ಈಗಿಲ್ಲ. ಅಪ್ಪನಿಗೆ ಈ ಟ್ರಂಕ್ ವಿಷಯನೇ ಗೊತ್ತಿರ್ಲಿಲ್ಲ. ಒಬ್ಬ ಹಳೇ ಸಾಮಾನು ವ್ಯಾಪಾರಿ ಬಂದು ನೋಡಿ ಎಲ್ಲ ಸೇರ್ಸಿ ಒಂದು ರೇಟ್ ಹೇಳಿ ಹೋದ್ರು, ಕೊಡೋ ಮನಸ್ಸಿಲ್ಲ. ನಂಗೆ ಬೇಕಾಗಿರೋದು ಇಷ್ಟೇ, ಒಂದೊಂದೂ ಯಾವ ವರ್ಷದ್ದು ಅಂತ ಗೊತ್ತಾಗ್ಬೇಕು, ಹಳೇ ಕನ್ನಡ ಸಿನಿಮಾ, ರೆಕಾರ್ಡು, ಟೆಂಟು ಇದ್ರ ಚರಿತ್ರೆ ಹೇಳೋ ಒಳ್ಳೆ ಪುಸ್ತಕ ಯಾವ್ದು, ನಮ್ಮ ಕೊಡಗಲ್ಲಿ ಟೆಂಟ್ ಸಿನಿಮಾ ಹೇಗಿತ್ತು ಅಂತ ಯಾರಾದ್ರೂ ಬರೆದಿದ್ದಾರಾ. ಒಂದು ಪುಸ್ತಕಕ್ಕೆ ಮುಂದಿನ ರಟ್ಟೇ ಇಲ್ಲ, ಹೆಸ್ರೂ ಇಲ್ಲ, ಅದನ್ನ ಪತ್ತೆ ಮಾಡೋದು ಹೇಗೆ ಅಂತಾನೂ ಹೇಳಿ. ಪುಸ್ತಕದ ಮೇಲೆ ವರ್ಷನೇ ಹಾಕಿಲ್ಲ ಯಾವುದ್ರಲ್ಲೂ, ಅದೇ ತಲೆನೋವು.

ಹಳೇಪುಸ್ತಕ_ಮಡಿಕೇರಿ:

ದಯವಿಟ್ಟು ಮಾರ್ಬೇಡಿ. ಆ ರೇಟ್ ಎಷ್ಟೇ ಇರ್ಲಿ.

ಪುಸ್ತಕದ ವಿಷಯಕ್ಕೆ ಬರ್ತೀನಿ. ಮೊದ್ಲು ಕೆ. ಪುಟ್ಟಸ್ವಾಮಿಯವರ 'ಸಿನಿಮಾಯಾನ' ಓದಿ, ಕನ್ನಡ ಸಿನಿಮಾ ನಡೆದು ಬಂದ ದಾರಿ ಬಗ್ಗೆ ಇಷ್ಟು ಶ್ರದ್ಧೆಯಿಂದ ಬರೆದ ಪುಸ್ತಕ ಕಡಿಮೆ, 57ನೇ ರಾಷ್ಟ್ರಪ್ರಶಸ್ತಿಯಲ್ಲಿ ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕ ಅಂತ ಸ್ವರ್ಣಕಮಲ ಬಂತು. ನಿಮ್ಮ ರಾಶೀಲಿ ರಾಜ್‌ಕುಮಾರ್ ಸಿನಿಮಾ ಜಾಸ್ತಿ ಇದ್ರೆ ದೊಡ್ಡಹುಲ್ಲೂರು ರುಕ್ಕೋಜಿಯವರು ಮಾಡಿದ ರಾಜ್‌ಕುಮಾರ್ ಸಮಗ್ರ ಚರಿತ್ರೆ ಬೇಕೇ ಬೇಕು. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ, 63ನೇದ್ರಲ್ಲಿ. ಮನೆಗೆ ಕೊಳ್ಳೋಕೆ ಭಾರ ಅನಿಸಿದ್ರೆ ಲೈಬ್ರರಿಯಲ್ಲಿ ಕೇಳಿ, ಇಂಥ ಪುಸ್ತಕ ದಿನಾ ಓದೋದಲ್ಲ, ಬೇಕಾದಾಗ ತೆಗೆದು ನೋಡೋದು.

ಇಂಗ್ಲಿಷಲ್ಲಿ ಆಶಿಶ್ ರಾಜಾಧ್ಯಕ್ಷ, ಪಾಲ್ ವಿಲ್ಮೆನ್ ಸೇರಿ ಮಾಡಿದ ಭಾರತೀಯ ಸಿನಿಮಾ ವಿಶ್ವಕೋಶ ಇದೆ, ಮೊದಲು ಬಂದಿದ್ದು 1994, ತಿದ್ದಿದ ಆವೃತ್ತಿ 1999. ಅದ್ರಲ್ಲಿ ಸಿನಿಮಾಗಳನ್ನ ವರ್ಷದ ಲೆಕ್ಕದಲ್ಲಿ ಜೋಡ್ಸಿದ್ದಾರೆ, ಕನ್ನಡದ ಮುಖ್ಯ ಸಿನಿಮಾಗಳೂ ಇವೆ, ಆದ್ರೆ ಎಲ್ಲ ಸಿನಿಮಾನೂ ಇಲ್ಲ. ಅಲ್ಲಿ ಸಿಗ್ಲಿಲ್ಲ ಅಂದ ಮಾತ್ರಕ್ಕೆ ಸಿನಿಮಾನೇ ಇರ್ಲಿಲ್ಲ ಅಂದ್ಕೋಬೇಡಿ. ಅದನ್ನೇ ತಳಹದಿ ಮಾಡ್ಕೊಂಡು ಇಂಡಿಯನ್‌ಸಿನೆ.ಮಾ ಅಂತ ಒಂದು ಜಾಲತಾಣ ಉಂಟು, ಪುಸ್ತಕ ಸಿಗದಿದ್ರೆ ಅಲ್ಲಿ ಹುಡುಕಿ.

ಸಿನಿಮಾಕ್ಕಿಂತ ಮುಂಚಿನ ಕಂಪನಿ ನಾಟಕದ ಕಾಲ ತಿಳೀಬೇಕು ಅಂದ್ರೆ ಗುಬ್ಬಿ ವೀರಣ್ಣನವರ ಆತ್ಮಕಥೆ 'ಕಲೆಯೇ ಕಾಯಕ'. ನಮ್ಮ ಮೊದಲ ತಲೆಮಾರಿನ ಸಿನಿಮಾದವರು ಬಹುತೇಕ ನಾಟಕದಿಂದಲೇ ಬಂದೋರು, 1954ರ 'ಬೇಡರ ಕಣ್ಣಪ್ಪ' ಕೂಡ ಆ ಗುಬ್ಬಿ ಬಳಗದ್ದೇ. ಅದನ್ನ ಓದ್ದೆ ಹಾಡಿನ ಪುಸ್ತಕದ ತಾರಾಗಣ ನೋಡಿದ್ರೆ ಬರೀ ಹೆಸರಿನ ಪಟ್ಟಿ, ಓದಿ ನೋಡಿದ್ರೆ ಅಲ್ಲಿ ಒಂದು ಇಡೀ ಕುಟುಂಬ ಕಾಣ್ಸುತ್ತೆ.

ಆದ್ರೆ ಕೊಡಗಿನ ಟೆಂಟ್ ಸಿನಿಮಾ ಬಗ್ಗೆ ಕೇಳಿದ್ರಲ್ಲ, ಇವು ಯಾವುದ್ರಲ್ಲೂ ಅದು ಸಿಗಲ್ಲ ನಿಮ್ಗೆ. ಇವೆಲ್ಲ ಸಿನಿಮಾ ಮಾಡಿದೋರ ಚರಿತ್ರೆ. ನೋಡಿದೋರ ಚರಿತ್ರೆ ಬೇರೆ.

ಕುಶಾಲನಗರ_ಹೊಳೆಬದಿ:

ಹಿಂದಿ ಹಾಡಿಗೆ ಆದ್ರೆ ಒಂದು ಅದ್ಭುತ ಕೆಲ್ಸ ಆಗಿದೆ, ಕಾನ್ಪುರದ ಹರ್‌ಮಂದಿರ್ ಸಿಂಗ್ ಹಮ್‌ರಾಜ್ ಅನ್ನೋರು ಹಿಂದಿ ಫಿಲ್ಮ್ ಗೀತ್ ಕೋಶ್ ಅಂತ ಹತ್ತತ್ತು ವರ್ಷಕ್ಕೆ ಒಂದೊಂದು ಸಂಪುಟ ಮಾಡಿದ್ದಾರೆ, 1931ರಿಂದ ಶುರು. ಪ್ರತಿ ಸಿನಿಮಾದ ಪ್ರತಿ ಹಾಡು, ಹಾಡಿದೋರು, ಬರೆದೋರು, ರೆಕಾರ್ಡ್ ನಂಬರ್ ಸಮೇತ. ಒಬ್ಬ ಮನುಷ್ಯ ಸ್ವಂತ ಹುಚ್ಚಿಂದ ಅಷ್ಟೆಲ್ಲ ಕಲೆ ಹಾಕಿದ್ದು ನೆನೆಸ್ಕೊಂಡ್ರೆ ಮೈ ಜುಂ ಅನ್ನುತ್ತೆ. ಇಂಥ ಹಾಡಿನ ಪುಸ್ತಕಗಳೇ ಆ ಥರದ ಕೋಶಕ್ಕೆ ಕಚ್ಚಾ ಸಾಮಾನು, ಅದಕ್ಕೇ ನಾನೂ ಹೇಳ್ತಿರೋದು, ಮಾರ್ಬೇಡಿ ಅಣ್ಣ.

ವಿರಾಜಪೇಟೆ_ಮೇಷ್ಟ್ರು:

ನಾನು ನಿವೃತ್ತ ಮೇಷ್ಟ್ರು, ವಯಸ್ಸು 78. ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ, ಅಷ್ಟು ನೆನಪು ಬಂತು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದ್ಲು ವರ್ಷ ಕಂಡುಹಿಡಿಯೋ ವಿಷಯ. ಹಾಡಿನ ಪುಸ್ತಕದಲ್ಲಿ ವರ್ಷ ಹಾಕ್ತಿರ್ಲಿಲ್ಲ ನಿಜ, ಆದ್ರೆ ಬೆಲೆ ಹಾಕ್ತಿದ್ರಲ್ಲ, ಅದನ್ನ ನೋಡಿ. ಎರಡಾಣೆ, ಮೂರಾಣೆ ಅಂತ ಇದ್ರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು, ಯಾಕಂದ್ರೆ ದಶಮಾಂಶ ನಾಣ್ಯ ಬಂದಿದ್ದು 1957 ಏಪ್ರಿಲ್ 1ಕ್ಕೆ. ಆಮೇಲೂ ಕೆಲವು ವರ್ಷ ಜನ ಆಣೆ ಲೆಕ್ಕದಲ್ಲೇ ಮಾತಾಡ್ತಿದ್ರು, ಅದಕ್ಕೇ 'ಸಾಮಾನ್ಯವಾಗಿ' ಅಂದೆ. 'ನ. ಪೈ.' ಅಂತ ಇದ್ರೆ ನಯಾ ಪೈಸೆ. ಆ 'ನಯಾ' ಅನ್ನೋದನ್ನ 1964ರ ಜೂನ್‌ನಲ್ಲಿ ಕೈ ಬಿಟ್ರು, ಆಮೇಲೆ ಬರೀ ಪೈಸೆ. ಅಂದ್ರೆ 'ನ. ಪೈ.' ಕಂಡ್ರೆ ನಿಮ್ಮ ಪುಸ್ತಕ ಹೆಚ್ಚು ಕಡಿಮೆ ಆ ಏಳು ವರ್ಷದ ಒಳಗೆ ಬಂದು ಕೂತ್ಕೊಳ್ಳುತ್ತೆ.

ಇನ್ನು ಕೊನೇ ಪುಟದ ಅಡಿಯಲ್ಲಿ ಪ್ರೆಸ್ಸಿನ ವಿಳಾಸ ಸಣ್ಣಕ್ಷರದಲ್ಲಿ ಇರುತ್ತೆ, ಭೂತಗನ್ನಡಿ ಹಿಡ್ಕೊಂಡು ಓದಿ. ಮೈಸೂರು ರಾಜ್ಯ ಅಂತ ಇದ್ರೆ 1973ರ ನವೆಂಬರ್‌ಗೆ ಮುಂಚೆ, ಕರ್ನಾಟಕ ಅಂತ ಇದ್ರೆ ಆಮೇಲೆ. ವಿಳಾಸದ ಜೊತೆ ಆರು ಅಂಕಿ ಪಿನ್‌ಕೋಡ್ ಇದ್ರೆ 1972ರ ಆಗಸ್ಟ್ 15 ಆದ್ಮೇಲಿನದು, ಅದಕ್ಕೆ ಮುಂಚೆ ಬೆಂಗಳೂರು-2 ಅಂತ ಒಂದೆರಡು ಅಂಕಿ ಹಾಕ್ತಿದ್ರು. ಮದ್ರಾಸಿನ ಪ್ರೆಸ್ಸಾದ್ರೆ ತಮಿಳುನಾಡು ಅನ್ನೋ ಹೆಸರು 1969ರ ಜನವರಿಯಿಂದ. ಹೀಗೆ ಮೇಲಿಂದ ಕೆಳಗಿಂದ ಹಿಂಡ್ತಾ ಬಂದ್ರೆ ನಾಲ್ಕೈದು ವರ್ಷದ ಸಂದಿಗೆ ಇಳಿಸ್ಬಹುದು, ಆಮೇಲೆ ಹಳೇಪುಸ್ತಕದವರು ಹೇಳಿದ ಗ್ರಂಥಗಳಲ್ಲಿ ತಾರಾಗಣ ತಾಳೆ ನೋಡಿ. ರಟ್ಟಿಲ್ಲದ ಪುಸ್ತಕಕ್ಕೂ ಇದೇ ಮದ್ದು.

ಈಗ ಟೆಂಟಿನ ಕಥೆ. ನಮ್ಮಲ್ಲಿ ಮಳೆಗಾಲದಲ್ಲಿ ಟೆಂಟ್ ನಿಲ್ಲೋ ಮಾತೇ ಇಲ್ಲ. ಕಾಫಿ ಕೊಯ್ಲು ನಡೀತಿರ್ವಾಗ ಬರ್ತಿತ್ತು, ಜನರ ಕೈಲಿ ದುಡ್ಡು ಓಡಾಡೋ ಕಾಲ ಅದೇ, ಮೇ ತಿಂಗಳ ಕೊನೆಗೆ ಬಿಚ್ಚಿಕೊಂಡು ಬಯಲುಸೀಮೆ ಕಡೆ ಹೋಗ್ಬಿಡ್ತಿತ್ತು. ಗೋಣಿಕೊಪ್ಪದಲ್ಲಿ ಗದ್ದೆ ಕೊಯ್ದ ಮೇಲೆ ಆ ಕೂಳೆ ಗದ್ದೇಲೇ ಹಾಕ್ತಿದ್ರು, ನೆಲ ಅಂದ್ರೆ ನಿಜಕ್ಕೂ ನೆಲ, ಭತ್ತದ ಕೂಳೆ ತೊಡೆಗೆ ಚುಚ್ತಿತ್ತು, ನಾವು ಗೋಣಿಚೀಲ ತಗೊಂಡು ಹೋಗ್ತಿದ್ವಿ. ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ನೆಲದಲ್ಲಿ ಹೆಂಗಸರಿಗೆ ಗಂಡಸರಿಗೆ ನಡುವೆ ಒಂದು ಪರದೆ ಥರ ಬಟ್ಟೆ. ಕತ್ತಲಾದ ಮೇಲೇ ಶೋ, ಹಗಲಲ್ಲಿ ಬಟ್ಟೆಯೊಳಗೆ ಬೆಳಕು ಬರುತ್ತಲ್ಲ. ಎಂಜಿನ್ ಶುರುವಾದ ಸದ್ದು ಕೇಳಿದ್ರೆ ಊಟ ಅರ್ಧಕ್ಕೆ ಬಿಟ್ಟು ಏಳ್ತಿದ್ವಿ. ಆಮೇಲೆ ಧ್ವನಿವರ್ಧಕದಲ್ಲಿ ಘಂಟಸಾಲರ 'ನಮೋ ವೆಂಕಟೇಶಾ' ಹಾಕಿದ್ರೆ ಮುಗೀತು, ಇನ್ನು ಟಿಕೆಟ್ ಕೊಡೋದು ನಿಲ್ಲಿಸ್ತಾರೆ ಅಂತ ಲೆಕ್ಕ, ಅಲ್ಲಿಂದ ಓಟ. ಪ್ರೊಜೆಕ್ಟರ್ ಒಂದೇ, ಅದಕ್ಕೆ ರೀಲು ಮುಗಿದಾಗೆಲ್ಲ ದೀಪ, ಆ ಗ್ಯಾಪಲ್ಲಿ ಕಡ್ಲೆಕಾಯಿ, ಹಾಡಿನ ಪುಸ್ತಕ ಮಾರೋ ಹುಡುಗ ಬರ್ತಿದ್ದ. ಮುಂದಿನ ಹಾಡು ಯಾವ್ದು ಅಂತ ಪುಸ್ತಕ ತಗೊಂಡೋರಿಗೆ ಮೊದ್ಲೇ ಗೊತ್ತಿರ್ತಿತ್ತು, ಅವ್ರು ಪರದೆ ಜೊತೆ ಹಾಡ್ತಿದ್ರು, ನಾವು ಅವರ ಬಾಯಿ ನೋಡ್ತಿದ್ವಿ.

ಒಂದು ಮಾತು ಕೇಳ್ತೀನಿ ಮಗಾ. ಆ ಪುಸ್ತಕಗಳ ಹಿಂದಿನ ರಟ್ಟಿನ ಒಳಮೈ ನೋಡಿದ್ದೀಯಾ? ಆಗಿನ ಕಾಲದಲ್ಲಿ ನಾವು ಪುಸ್ತಕ ಕೊಂಡ ದಿನ ಊರು, ತಾರೀಕು ಪೆನ್ಸಿಲಲ್ಲಿ ಬರೀತಿದ್ವಿ, ಶಾಲೇಲಿ ಹಾಗೇ ಅಭ್ಯಾಸ ಮಾಡ್ಸಿದ್ರು. ಪೆನ್ಸಿಲ್ ಬರಹ ನೇರ ನೋಡಿದ್ರೆ ಕಾಣಲ್ಲ, ಕಿಟಕಿ ಹತ್ರ ಹಿಡಿದು ಸ್ವಲ್ಪ ಓರೆ ಮಾಡಿ ನೋಡು.

ನಾಪೋಕ್ಲು_ಅಕ್ಕ:

ಮೇಷ್ಟ್ರೇ, ಕೂಳೆ ಚುಚ್ಚೋದು ಓದಿ ನಮ್ಮಮ್ಮ ಹೇಳ್ತಿದ್ದಿದ್ದು ನೆನಪಾಯ್ತು.

ನಾನು ಮೊದ್ಲು ಹೇಳೋದು ಜೋಪಾನದ ಮಾತು, ಪುಸ್ತಕ ಓದೋದು ಆಮೇಲೆ. ಟ್ರಂಕ್ ಇಷ್ಟು ವರ್ಷ ಉಳಿದಿದ್ದು ಒಲೆ ಹೊಗೆ ಬೆಚ್ಚಗೆ ಒಣಗಿಸಿ ಇಟ್ಟಿದ್ರಿಂದ. ಈಗ ಅದನ್ನ ಕೆಳಗಿಳಿಸಿ ಸಿಮೆಂಟ್ ಗೋಡೆ ಪಕ್ಕ ಬೀರುವಲ್ಲಿ ಇಟ್ರೆ ಒಂದೇ ಜುಲೈ ಸಾಕು, ಬೂಷ್ಟು ಬಂದು ಎಲ್ಲ ಅಂಟಿಕೊಳ್ಳುತ್ತೆ, ನಮ್ಮ ಮನೇಲಿ ಮದ್ವೆ ಆಲ್ಬಮ್ ಹಾಗೇ ಹೋಯ್ತು. ಸೆಲ್ಲೋಟೇಪ್ ಯಾವ ಕಾರಣಕ್ಕೂ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಅಕ್ಷರಾನೂ ತಿಂದ್ಹಾಕುತ್ತೆ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಪಿನ್ ತುಕ್ಕು ಹಿಡಿದಿರುತ್ತೆ, ಹಿಂದಿನಿಂದ ಅದರ ಕಾಲು ಮೆಲ್ಲ ನೆಟ್ಟಗೆ ಮಾಡಿ ತೆಗೀರಿ, ಎಳೀಬೇಡಿ, ಆಮೇಲೆ ಅದೇ ತೂತಲ್ಲಿ ಬಿಳಿ ನೂಲು ಪೋಣಿಸಿ ಕಟ್ಟಿ. ತೇವ ಇದ್ರೆ ಬಿಸಿಲಿಗೆ ಹಾಕ್ಬಾರ್ದು, ನೆರಳಲ್ಲಿ ಫ್ಯಾನ್ ಕೆಳಗೆ. ಪುಟ ಪುಟದ ಫೋಟೋ ಮೊಬೈಲಲ್ಲಿ ಹಗಲು ಬೆಳಕಲ್ಲಿ ಈಗ್ಲೇ ತೆಗೆದಿಟ್ಕೊಳ್ಳಿ, ಜೂನ್ ಬರೋದ್ರೊಳಗೆ.

ಪುಸ್ತಕದ ವಿಷಯಕ್ಕೆ, ಕೊಡಗಿಗೂ ಸಿನಿಮಾ ಚರಿತ್ರೆಗೂ ನಂಟೇ ಇಲ್ಲ ಅನ್ನೋ ಹಾಗಿಲ್ಲ. ನಮ್ಮ ಮಡಿಕೇರಿಯ ಭಾರತೀಸುತರ ಕಾದಂಬರಿಗಳಿಂದಲೇ 'ಎಡಕಲ್ಲು ಗುಡ್ಡದ ಮೇಲೆ' 1973ರಲ್ಲಿ, 'ಬಯಲು ದಾರಿ' 1976ರಲ್ಲಿ, 'ಹುಲಿಯ ಹಾಲಿನ ಮೇವು' 1979ರಲ್ಲಿ ಬಂತಲ್ಲ. ಕೊಡವ ಭಾಷೆಯ ಮೊದಲ ಸಿನಿಮಾ 1972ರದ್ದು. ಅದಕ್ಕೂ ಎಷ್ಟೋ ಮುಂಚೆ 1906ರಲ್ಲೇ ಹರದಾಸ ಅಪ್ಪಚ್ಚಕವಿ ಕೊಡವ ತಕ್ಕ್‌ನಲ್ಲಿ, ಅಂದ್ರೆ ಅದೇ ಭಾಷೇಲಿ, ನಾಟಕ ಬರೆದಿದ್ರು, ಹಾಡು ಸಮೇತ. ನಡಿಕೇರಿಯಂಡ ಚಿಣ್ಣಪ್ಪನವರು ಪೊಲೀಸ್ ಕೆಲಸದಲ್ಲಿದ್ದುಕೊಂಡೇ ಊರೂರಿನ ಹಾಡು ಕೇಳಿ ಬರ್ಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ತಂದ್ರು. ಅವರಂಥ ಇನ್ನೊಬ್ರು ಟೆಂಟು, ರೇಡಿಯೋ, ಪ್ಲೇಟಿನ ಕಾಲದ ಬಗ್ಗೆ ಹೀಗೇ ಮನೆಮನೆ ತಿರುಗಿ ಬರೆದಿದ್ರೆ ಇವತ್ತು ನಿಮ್ಮ ಪ್ರಶ್ನೆಗೆ ಪುಸ್ತಕ ತೋರಿಸ್ಬಹುದಿತ್ತು.

ರೆಕಾರ್ಡ್‌ಪ್ರಿಯ:

ಪ್ಲೇಟಿನ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೀನಿ. ಭಾರ ಇದ್ದು, ಬಿದ್ರೆ ಬಳಪದ ಥರ ಒಡೆಯೋದಾದ್ರೆ ಅದು 78 ಆರ್‌ಪಿಎಂ ಪ್ಲೇಟು, ಅರಗಿನಿಂದ ಮಾಡಿದ್ದು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸೋಕೆ ಹೋಗ್ಬೇಡಿ, ಅರಗು ಅದ್ರಲ್ಲಿ ಕರಗುತ್ತೆ, ಪ್ಲೇಟೇ ಹಾಳು. ಒಣ ಮೆತ್ತನೆ ಬಟ್ಟೆ ಸಾಕು. ಒಂದರ ಮೇಲೊಂದು ಮಲಗಿಸ್ಬೇಡಿ, ತಟ್ಟೆ ಸ್ಟ್ಯಾಂಡಲ್ಲಿ ಇಡೋ ಹಾಗೆ ನಿಲ್ಲಿಸಿ ಇಡಿ. ಈಗಿನ ಪ್ಲೇಯರ್ ತಂದು ಎಲ್‌ಪಿ ಮುಳ್ಳು ಇಟ್ಟು ನುಡಿಸ್ಬೇಡಿ, 78ರ ಗೆರೆ ಅಗಲ, ಅದಕ್ಕೆ ಬೇರೆ ಮುಳ್ಳು ಬೇಕು. ಹಳೇ ಕೀಲಿ ಗ್ರಾಮಫೋನ್ ಇದ್ರೆ ಉಕ್ಕಿನ ಮುಳ್ಳು ಪ್ರತಿ ಮಗ್ಗುಲಿಗೂ ಹೊಸದು ಹಾಕ್ಬೇಕು, ಸಣ್ಣ ತಗಡಿನ ಡಬ್ಬಿ ಟ್ರಂಕಲ್ಲಿ ಎಲ್ಲಾದ್ರೂ ಇದ್ಯಾ ನೋಡಿ, ಅದ್ರಲ್ಲೇ ಮುಳ್ಳು ಇರ್ತಿತ್ತು.

ಗುರುತು ಹಚ್ಚೋಕೆ ಲೇಬಲ್ ಮೇಲಿನ ನಂಬರ್ ಬರ್ಕೊಳ್ಳಿ, ಜೊತೆಗೆ ಗೆರೆ ಮುಗಿದು ಲೇಬಲ್ ಶುರುವಾಗೋ ಜಾಗದಲ್ಲಿ ಗೀಚಿದ ಹಾಗೆ ಇನ್ನೊಂದು ನಂಬರ್ ಇರುತ್ತೆ, ಅದನ್ನೂ. ಅದು ಆ ಧ್ವನಿಮುದ್ರಣದ ಸ್ವಂತ ನಂಬರ್, ಲೇಬಲ್ ಹರಿದು ಹೋದ್ರೂ ಅದು ಉಳಿದಿರುತ್ತೆ. ಓದೋಕೆ ವಿಕ್ರಂ ಸಂಪತ್ ಅವರು ಗೌಹರ್ ಜಾನ್ ಬಗ್ಗೆ ಬರೆದ ಪುಸ್ತಕ ಹಿಡೀರಿ. 1902ರಲ್ಲಿ ನಮ್ಮ ದೇಶದಲ್ಲಿ ಮೊದಮೊದಲು ರೆಕಾರ್ಡ್‌ಗೆ ಹಾಡಿದ ಆಯಮ್ಮ ಕೊನೆಗಾಲದಲ್ಲಿ ಮೈಸೂರು ಅರಮನೆ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಲ್ಲೇ ತೀರ್ಕೊಂಡ್ರು, ಕುಶಾಲನಗರದಿಂದ ಎರಡು ಗಂಟೆ ದಾರಿಯಲ್ಲಿ. ಆ ಪ್ಲೇಟುಗಳಲ್ಲಿ ಗಾಯಕ ಪಿ. ಕಾಳಿಂಗರಾಯರದ್ದು ಏನಾದ್ರೂ ಇದೆಯಾ? ಇದ್ರೆ ದಯವಿಟ್ಟು ಲೇಬಲ್ ಫೋಟೋ ಹಾಕಿ, ಕಾಯ್ತಿರ್ತೀನಿ.

ಲೈನ್‌ಮನೆ_ಹುಡುಗ:

ನಮ್ಮಜ್ಜಿ ಸಿದ್ದಾಪುರದ ಕಡೆ ಎಸ್ಟೇಟ್ ಲೈನಲ್ಲಿ, ಅಂದ್ರೆ ತೋಟದ ಕೂಲಿಯೋರ ಸಾಲುಮನೇಲಿ ಇದ್ರು. ವಾರದ ಬಟವಾಡೆ ಆದ ರಾತ್ರಿ ಲೈನಿನ ಹೆಂಗಸರೆಲ್ಲ ಸೇರಿ ಪಂಜು ಹಚ್ಕೊಂಡು ಟೆಂಟಿಗೆ ನಡ್ಕೊಂಡು ಹೋಗ್ತಿದ್ರಂತೆ, ಆನೆ ಬರುತ್ತೆ ಅಂತ ಜೋರಾಗಿ ಹಾಡ್ಕೊಂಡು. ಅಜ್ಜಿಗೆ ಓದು ಬರ್ತಿರ್ಲಿಲ್ಲ, ಆದ್ರೂ ಹಾಡಿನ ಪುಸ್ತಕ ಕೊಳ್ತಿದ್ರು, ಬೇರೆಯೋರ ಕೈಲಿ ಓದಿಸಿ ಬಾಯಿಪಾಠ ಮಾಡ್ಕೊಂಡು ಮಾರನೇ ದಿನ ಕಾಫಿ ಹಣ್ಣು ಕುಯ್ಯೋವಾಗ ಹಾಡ್ತಿದ್ರು. ಬರೆಯೋರು ಈ ವಿಷಯಾನೂ ಬರೀಬೇಕು. ನಮ್ಮ ಮನೇಲಿ ಒಂದು ಪುಸ್ತಕನೂ ಉಳಿದಿಲ್ಲ, ಲೈನ್ ಮನೆ ಸೋರ್ತಿತ್ತು.

ಹೊಸಕೋಟೆ_ತೋಟ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಮೂರು ದಿನದಿಂದ ಅದೇ ಕೆಲ್ಸ. ಮೇಷ್ಟ್ರೇ, ನೀವು ಹೇಳಿದ ಹಾಗೆ ಕಿಟಕಿ ಹತ್ರ ಓರೆ ಹಿಡಿದು ನೋಡ್ದೆ. ಇದೆ ಸಾರ್! 61ರಲ್ಲಿ 38ಕ್ಕೆ ಪೆನ್ಸಿಲ್ ಬರಹ ಇದೆ. ಎಲ್ಲ ಹಿಂದಿನ ರಟ್ಟಿನ ಒಳಗಡೆ, ಮೂಲೇಲಿ, ಇರುವೆ ಸಾಲಿನಷ್ಟು ಸಣ್ಣಕ್ಷರ.

ನಾನು ಇಷ್ಟು ದಿನ ಇದು ಅಜ್ಜನ ಟ್ರಂಕ್ ಅಂದ್ಕೊಂಡಿದ್ದೆ. ಚೆಕ್‌ರೋಲ್ ಪುಸ್ತಕದಲ್ಲಿ ಅಜ್ಜನ ಅಕ್ಷರ ಇದೆ, ದಪ್ಪ, ಎಡಕ್ಕೆ ವಾಲಿದ್ದು. ಇದು ಹಾಗಿಲ್ಲ. ಅಮ್ಮಂಗೆ ತೋರಿಸ್ದೆ, ಕನ್ನಡಕ ಹಾಕ್ಕೊಂಡು ಒಂದು ನಿಮಿಷ ನೋಡಿ 'ಇದು ಅತ್ತೆ ಅಕ್ಷರ ಕಣೋ' ಅಂದ್ರು. 'ಳ' ಬರೆದ್ರೆ ಅದರ ಬಾಲ ಕೆಳಗಿನ ಸಾಲಿಗೆ ಇಳೀತಿತ್ತಂತೆ ಅಜ್ಜಿದು, ಹಾಲಿನ ಲೆಕ್ಕದ ಕ್ಯಾಲೆಂಡರಲ್ಲೂ ಹಾಗೇ ಬರೀತಿದ್ರಂತೆ. ಅಜ್ಜಿ ಸಿನಿಮಾ ನೋಡ್ತಿದ್ರು ಅಂತಾನೇ ನಮ್ಗೆ ಯಾರಿಗೂ ಗೊತ್ತಿರ್ಲಿಲ್ಲ, ನಾನು ನೋಡಿದಾಗೆಲ್ಲ ಅವ್ರು ಒಲೆ ಮುಂದೆ ಇಲ್ಲ ಕೊಟ್ಟಿಗೇಲಿ ಇರ್ತಿದ್ರು.

ಒಂದ್ರಲ್ಲಿ ಹೀಗಿದೆ, ಇದ್ದ ಹಾಗೇ ಹಾಕ್ತೀನಿ: 'ಸುಂಟಿಕೊಪ್ಪ. ಮಾರ್ಚಿ 1963. ಅಕ್ಕನ ಜೊತೆ. ಮಳೆ ಬಂತು, ಅರ್ಧಕ್ಕೆ ನಿಂತಿತು. ಕಥೆ ಗೊತ್ತಾಗಲಿಲ್ಲ.'

ರಟ್ಟಿಲ್ಲದ ಪುಸ್ತಕಕ್ಕೂ ದಾರಿ ಸಿಕ್ತು. ಬೆಲೆ 'ನ. ಪೈ.' ಇದೆ. ಕಥೆ ರಾಣಿಯೊಬ್ಬಳು ಇಂಗ್ಲಿಷರ ವಿರುದ್ಧ ನಿಲ್ಲೋದು, ತಾರಾಗಣದಲ್ಲಿ ಬಿ. ಸರೋಜಾದೇವಿ, ರಾಜ್‌ಕುಮಾರ್, ನಿರ್ದೇಶನ ಬಿ.ಆರ್. ಪಂತುಲು. ಅಂದ್ರೆ 'ಕಿತ್ತೂರು ಚೆನ್ನಮ್ಮ' ತಾನೇ? ಆದ್ರೆ ಒಂದು ಗೊಂದಲ ಉಂಟು. ಸಿನಿಮಾ 1961ರದ್ದು ಅಂತ ನೋಡ್ದೆ, ಅಜ್ಜಿ ಪೆನ್ಸಿಲಲ್ಲಿ ಬರೆದಿರೋದು 'ಫೆಬ್ರವರಿ 1964, ಸುಂಟಿಕೊಪ್ಪ ಟೆಂಟು'. ಅಜ್ಜಿ ತಪ್ಪು ಬರೆದಿರ್ಬಹುದಾ? ಅಥ್ವಾ ಬೇರೆ ಸಿನಿಮಾನಾ?

ಕುಶಾಲನಗರ_ಹೊಳೆಬದಿ:

'ಕಿತ್ತೂರು ಚೆನ್ನಮ್ಮ'ನೇ, ಅನುಮಾನ ಬೇಡ. 1961. ಅಜ್ಜಿ ಆಮೇಲೆ ಯಾವಾಗ್ಲೋ ನೆನಪಿಂದ ಬರೆದಿರ್ಬೇಕು, ವರ್ಷ ತಪ್ಪಿರುತ್ತೆ. ನೀವು ಪಟ್ಟಿ ಮಾಡ್ವಾಗ 1961 ಅಂತಲೇ ಹಾಕಿ.

ವಿರಾಜಪೇಟೆ_ಮೇಷ್ಟ್ರು:

ಇಲ್ಲ ಇಲ್ಲ, ಹಾಗೆ ತಿದ್ದಬೇಡಿ! ಅಜ್ಜಿ ಬರೆದಿದ್ದು ಸರಿಯಾಗೇ ಇದೆ. ಪುಸ್ತಕದಲ್ಲಿರೋ 1961 ದೊಡ್ಡ ಊರಿನ ಟಾಕೀಸಿನಲ್ಲಿ ಬಿಡುಗಡೆ ಆದ ವರ್ಷ. ಆಗ ಒಂದು ಸಿನಿಮಾಕ್ಕೆ ಪ್ರಿಂಟ್ ಮಾಡ್ಸೋದೇ ಕೆಲವು, ಅದು ಮೊದ್ಲು ಬೆಂಗಳೂರು ಮೈಸೂರು ಓಡಿ, ಆಮೇಲೆ ತಾಲ್ಲೂಕು ಊರುಗಳು, ಎಲ್ಲ ಕಡೆ ತಿರುಗಿ ಗೀಚಲು ಬಿದ್ದು, ತುಂಡಾಗಿ ಅಂಟಿಸಿ, ಕೊನೆಗೆ ಬಾಡಿಗೆ ಕಡಿಮೆ ಆದ್ಮೇಲೆ ಟೆಂಟಿಗೆ. ಸಿ ಸೆಂಟರ್, ಅಂದ್ರೆ ಕೊನೇ ಸರದಿಯ ಊರು, ಅಂತಿದ್ರು ನಮ್ಮನ್ನ. ಎರಡು ಮೂರು ವರ್ಷ ತಡ ಆಗೋದು ಮಾಮೂಲು. ನಾನು ಎಷ್ಟೋ ಸಿನಿಮಾ ಪರದೆ ತುಂಬ ಮಳೆ ಬಂದ ಹಾಗೆ ಗೆರೆ ಗೆರೆ ಇರೋದನ್ನೇ ನೋಡಿದ್ದು, ಸಿನಿಮಾ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ.

ಮತ್ತೆ ನೋಡು, 'ನ. ಪೈ.' ಇದೆ ಅಂದೆಯಲ್ಲ, 1964ರ ಫೆಬ್ರವರಿಗೂ ಅದು ಸರಿ ಹೋಗುತ್ತೆ, ಜೂನ್ ಇನ್ನೂ ಬಂದಿರ್ಲಿಲ್ಲ. ಫೆಬ್ರವರಿ ನಮ್ಮಲ್ಲಿ ಟೆಂಟಿನ ಕಾಲವೂ ಹೌದು. ಮೂರೂ ತಾಳೆ ಆಗುತ್ತೆ. ಎರಡು ವರ್ಷಾನೂ ಬರಿ ಮಗಾ, ಒಂದು ಕಾಲಂ ಬಿಡುಗಡೆಗೆ, ಇನ್ನೊಂದು ಸುಂಟಿಕೊಪ್ಪಕ್ಕೆ ಬಂದಿದ್ದಕ್ಕೆ. ಮೊದಲನೇ ಕಾಲಂ ಯಾವ ಗ್ರಂಥದಲ್ಲಾದ್ರೂ ಸಿಗುತ್ತೆ. ಎರಡನೇದು ನಿಮ್ಮಜ್ಜಿ ಬಿಟ್ರೆ ಬೇರೆ ಯಾರೂ ಬರೆದಿಟ್ಟಿಲ್ಲ.

ಆ ಮಾರ್ಚ್ 1963ರ ಮಳೆ ಹೂಮಳೆ ಇರ್ಬೇಕು, ಕಾಫಿ ಹೂ ಅರಳಿಸೋ ಮಳೆ. ನಂಗೆ ಅಂಥ ಒಂದು ರಾತ್ರಿ ನೆನಪಿದೆ, ವರ್ಷ ಯಾವ್ದೋ. ಟೆಂಟ್ ಬಟ್ಟೆ ಮೇಲೆ ಟಪಟಪ ಶುರುವಾಯ್ತು, ಎಂಜಿನ್ ನಿಲ್ಸಿದ್ರು, ಟಿಕೆಟ್ ದುಡ್ಡು ವಾಪಸ್ ಇಲ್ಲ, ಆದ್ರೂ ಕುರ್ಚೀಲಿ ಕೂತ ತೋಟದೋರು ಒಬ್ರೂ ಬೈಲಿಲ್ಲ, ನೆನ್ಕೊಂಡೇ ನಗ್ತಾ ಮನೆಗೆ ಹೋದ್ರು. ಹತ್ತು ದಿನಕ್ಕೆ ಗಿಡ ಪೂರ್ತಿ ಬಿಳಿ.

ಕುಶಾಲನಗರ_ಹೊಳೆಬದಿ:

ಮೇಷ್ಟ್ರು ಹೇಳಿದ್ದು ಒಪ್ತೀನಿ, ಪ್ರಿಂಟ್ ತಿರುಗೋದು ನಂಗೆ ಹೊಳೀಲಿಲ್ಲ. ಎರಡು ಕಾಲಂ ಸರಿ.

ಹಳೇಪುಸ್ತಕ_ಮಡಿಕೇರಿ:

ಮೂರನೇ ಕಾಲಂ ಒಂದು ಹಾಕಿ, ಅಜ್ಜಿ ಬರೆದ ಮಾತು ಅಕ್ಷರ ತಿದ್ದದೆ ಹಾಗೇ. 'ಮಾರ್ಚಿ' ಅಂತ ಬರೆದಿದ್ರೆ 'ಮಾರ್ಚಿ'ನೇ ಇರ್ಲಿ. 38 ತಾರೀಕು, 38 ಊರು ಅಂದ್ರೆ ಟೆಂಟು ಯಾವ ತಿಂಗಳು ಎಲ್ಲಿತ್ತು ಅಂತ ಒಂದು ದಾರೀನೇ ಬಿಡಿಸ್ಬಹುದು. ಪುಣೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಹಾಡಿನ ಪುಸ್ತಕಗಳನ್ನೂ ಕೂಡಿಸಿಟ್ಟಿದ್ದಾರೆ, ಸ್ಕ್ಯಾನ್ ಮಾಡಿದ ಮೇಲೆ ಅವರಿಗೂ ಒಂದು ಪ್ರತಿ ಕಳಿಸ್ಬಹುದು, ಆದ್ರೆ ಮೂಲ ನಿಮ್ಮ ಮನೇಲೇ ಇರ್ಲಿ ಅನ್ನೋದು ನನ್ನ ಆಸೆ. 'ಸತಿ ಸುಲೋಚನಾ', 1934ರ ಮಾರ್ಚ್ 3ಕ್ಕೆ ಬಿಡುಗಡೆ ಆದ ನಮ್ಮ ಮೊದಲ ಮಾತಿನ ಸಿನಿಮಾ, ಅದ್ರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಸಿನಿಮಾನೇ ಹೋದ ಮೇಲೆ ಅದರ ಸುತ್ತಲಿನ ಕಾಗದ ಪತ್ರದಿಂದಲೇ ನಾವು ಅದನ್ನ ತಿಳೀಬೇಕಾಗಿದೆ. ಇದನ್ನ ನೆನೆಸ್ಕೊಂಡಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಹೊಸಕೋಟೆ_ತೋಟ:

ಶುರು ಮಾಡಿದ್ದೀನಿ. 200 ಪುಟದ ಒಂದು ನೋಟ್‌ಬುಕ್ ತಂದು ಮೂರು ಕಾಲಂ ಹಾಕ್ದೆ. ಅಕ್ಕ ಹೇಳಿದ ಹಾಗೆ ಪಿನ್ ತೆಗೆದು ನೂಲು ಹಾಕೋ ಕೆಲ್ಸ ಅಮ್ಮ ಮಾಡ್ತಿದ್ದಾರೆ, ಅವರ ಕೈ ನನ್ನ ಕೈಗಿಂತ ಹಗುರ. ಟ್ರಂಕ್ ಮತ್ತೆ ಒಲೆ ಮೇಲಿನ ಅಟ್ಟಕ್ಕೇ ಹೋಗುತ್ತೆ, ಅಪ್ಪ ಶೀಟ್ ಹಾಕ್ಸೋ ಮಾತು ಬಿಟ್ಟು ಹೆಂಚೇ ಇರ್ಲಿ ಅಂದ್ರು.

ರೆಕಾರ್ಡ್‌ಪ್ರಿಯ ಅಣ್ಣ, ಕಾಳಿಂಗರಾಯರದ್ದು ಎರಡು ಪ್ಲೇಟು ಇದೆ, ಒಂದು ಚೆನ್ನಾಗಿದೆ, ಇನ್ನೊಂದರ ಅಂಚು ಚೂರು ಹೋಗಿದೆ. ಲೇಬಲ್ ಫೋಟೋ ನಾಳೆ ಬೆಳಗ್ಗೆ ಬಿಸಿಲು ಬಂದ ಮೇಲೆ ಹಾಕ್ತೀನಿ. ಮುಳ್ಳಿನ ಡಬ್ಬೀನೂ ಸಿಕ್ತು, ಸುಧಾ ಪುಸ್ತಕದ ನಡುವೆ ಇತ್ತು, ಒಳಗೆ ನಾಲ್ಕು ಮುಳ್ಳು, ಒಂದು ಒಣಗಿದ ಕಾಫಿ ಹೂವು.

ಲೈನ್‌ಮನೆ ಹುಡುಗ, ನಿಮ್ಮಜ್ಜಿ ಹಾಡ್ತಿದ್ದ ಯಾವ್ದಾದ್ರೂ ಹಾಡಿನ ಒಂದು ಸಾಲು ನಿಮ್ಗೆ ನೆನಪಿದ್ರೆ ಹೇಳಿ, ಈ 61ರಲ್ಲಿ ಹುಡುಕ್ತೀನಿ. ಸಿಕ್ರೆ ಪುಟದ ಫೋಟೋ ಕಳಿಸ್ತೀನಿ.